ಲೈವ್ ಆಗಿ ನಡೆದ ಒಂದು ಅಣುಯುದ್ಧ

ರೀಮೇಕ್ ಅಂದ ಕೂಡಲೇ ನಮ್ಮಲ್ಲಿ ಜಗಳ ಶುರು. ಸ್ವಂತ ಕಥೆ ಇಲ್ವಾ, ಇನ್ನೊಬ್ಬರ ಎಂಜಲು ಯಾಕೆ ಅಂತ. ಬಹಳ ಸಲ ಆ ಸಿಟ್ಟು ಸರಿಯೇ. ಆದರೆ ಒಂದು ರೀಮೇಕ್ ಪರವಾಗಿ ನಾನು ಯಾರ ಜೊತೆ ಬೇಕಾದರೂ ವಾದಕ್ಕೆ ಕೂರುತ್ತೇನೆ. 2000ದ ಏಪ್ರಿಲ್ 9ರಂದು ಅಮೆರಿಕದ ಸಿಬಿಎಸ್ ಟಿವಿಯಲ್ಲಿ ಬಂದ 'ಫೇಲ್ ಸೇಫ್'. ಸಿಡ್ನಿ ಲುಮೆಟ್ 1964ರಲ್ಲಿ ಮಾಡಿದ್ದ ಸಿನಿಮಾದ ಮರುರೂಪ. ಹೊಸದಾಗಿ ಮಾಡುವವರು ಸಾಮಾನ್ಯವಾಗಿ ಬಣ್ಣ, ಗ್ರಾಫಿಕ್ಸ್, ಸದ್ದು ಎಲ್ಲ ಜಾಸ್ತಿ ಮಾಡುತ್ತಾರೆ. ಇವರು ಕಪ್ಪು ಬಿಳುಪಿನಲ್ಲೇ ಮಾಡಿದರು, ಅದೂ ಲೈವ್. ರೀಟೇಕ್ ಅನ್ನುವ ಮಾತೇ ಇಲ್ಲ.

ಕಥೆ ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ನೋಡದೇ ಇರುವವರು ಬೇಕಾದರೆ ಇಲ್ಲೇ ನಿಲ್ಲಿಸಿ.

ಅಮೆರಿಕದ ರಾಡಾರ್‌ನಲ್ಲಿ ಗುರುತು ಸಿಗದ ವಿಮಾನವೊಂದು ಕಾಣುತ್ತದೆ. ಎಲ್ಲರೂ ಸಜ್ಜಾಗುತ್ತಾರೆ. ನೋಡಿದರೆ ಅದು ದಾರಿ ತಪ್ಪಿದ ಪ್ರಯಾಣಿಕರ ವಿಮಾನ. ಸದ್ಯ, ಅಂದುಕೊಳ್ಳುವಷ್ಟರಲ್ಲಿ ಯಂತ್ರವೊಂದು ಕೆಟ್ಟು, ಬಾಂಬರ್‌ಗಳ ಒಂದು ಗುಂಪಿಗೆ ಮಾಸ್ಕೋ ಮೇಲೆ ದಾಳಿ ಮಾಡಿ ಅನ್ನುವ ಸಂಕೇತ ಹೋಗಿಬಿಡುತ್ತದೆ. ವಾಪಸ್ ಕರೆಯೋಣ ಅಂದರೆ ರಷ್ಯನ್ನರು ರೇಡಿಯೋ ಜಾಮ್ ಮಾಡಿ ಕೂತಿದ್ದಾರೆ. ಜಾಮ್ ತೆಗೆಸಿದ ಮೇಲೂ ಪೈಲಟ್ ಕೇಳುವುದಿಲ್ಲ. ಒಂದು ಗಡಿ ದಾಟಿದ ಮೇಲೆ ಯಾರ ದನಿ ಬಂದರೂ ನಂಬಬೇಡ, ಶತ್ರುವಿನ ಮಿಮಿಕ್ರಿ ಇರಬಹುದು ಅಂತಲೇ ಅವನಿಗೆ ತರಬೇತಿ. ಸ್ವತಃ ಅಧ್ಯಕ್ಷರು ಮಾತಾಡುತ್ತಾರೆ. ಹಳೆಯ ಸಿನಿಮಾದಲ್ಲಿ ಹೆಂಡತಿಯನ್ನೇ ಕರೆಸಿ ಮೈಕ್ ಮುಂದೆ ಕೂರಿಸುತ್ತಾರೆ. ಅವಳು ಗೋಗರೆಯುತ್ತಾಳೆ. ವಿಮಾನ ಹೋಗುತ್ತಲೇ ಇರುತ್ತದೆ.

ಇಲ್ಲಿ ಯಾರೂ ಕೆಲಸದಲ್ಲಿ ಉಡಾಫೆ ಮಾಡಿಲ್ಲ. ಪೈಲಟ್ ತನಗೆ ಹೇಳಿಕೊಟ್ಟಿದ್ದನ್ನೇ ಮಾಡುತ್ತಾನೆ. ನನಗೆ ಹೊಟ್ಟೆಯಲ್ಲಿ ಸಂಕಟ ಶುರುವಾಗುವುದೇ ಇದನ್ನು ಕಂಡಾಗ.

ಆಮೇಲೆ ಆ ಫೋನ್. ಅಮೆರಿಕದ ರಾಯಭಾರಿ ಮಾಸ್ಕೋದಲ್ಲೇ ಲೈನ್‌ನಲ್ಲಿ ಇರುತ್ತಾರೆ. ಬಾಂಬ್ ಬಿದ್ದರೆ ಆ ಕಡೆಯ ಫೋನ್ ಶಾಖಕ್ಕೆ ಕರಗಿ ಕೀರಲು ಸದ್ದು ಬರುತ್ತದೆ ಅಂತ ಮೊದಲೇ ಹೇಳಿರುತ್ತಾರೆ. ನಾವು ಆ ಸದ್ದಿಗೆ ಕಾಯುತ್ತಾ ಕೂರುತ್ತೇವೆ. ಸದ್ದು ಬರುತ್ತದೆ. ಮಾಸ್ಕೋ ಹೋಯಿತು ಅಂತ ಗೊತ್ತಾಗುವುದು ಅಷ್ಟರಿಂದಲೇ. ಇದು ಆಕಸ್ಮಿಕ ಅಂತ ರಷ್ಯಾವನ್ನು ನಂಬಿಸಿ ಪೂರ್ತಿ ಯುದ್ಧ ತಪ್ಪಿಸಲು ಅಧ್ಯಕ್ಷರು ತಮ್ಮದೇ ನ್ಯೂಯಾರ್ಕ್ ಮೇಲೆ ಬಾಂಬ್ ಹಾಕಿಸುತ್ತಾರೆ. ಅವರ ಹೆಂಡತಿ ಅಂದು ಅದೇ ಊರಿನಲ್ಲಿ ಇರುತ್ತಾರೆ.

ಈಗ ಲೈವ್ ವಿಷಯಕ್ಕೆ ಬರುತ್ತೇನೆ. ಕಂಪನಿ ನಾಟಕ ನೋಡಿದವರಿಗೆ ಗೊತ್ತು, ಪಾತ್ರಧಾರಿ ಮಾತಿನ ಮಧ್ಯೆ ಒಂದು ಕ್ಷಣ ತಡೆದರೆ ಇಡೀ ಟೆಂಟಿಗೆ ಎದೆ ಝಲ್ ಅನ್ನುತ್ತದೆ. ಈ ರೀಮೇಕ್‌ನ ಫೋನ್ ದೃಶ್ಯಗಳಲ್ಲಿ ಅದೇ ಆಗುತ್ತದೆ. ಅಧ್ಯಕ್ಷನಾಗಿ ರಿಚರ್ಡ್ ಡ್ರೇಫಸ್, ಪಕ್ಕದಲ್ಲಿ ದುಭಾಷಿಯಾಗಿ ನೋವಾ ವೈಲ್. ನಡುವೆ ಮೌನ. ತಡಬಡಾಯಿಸಿದ್ದು ಪಾತ್ರವೋ ನಟನೋ ಗೊತ್ತಾಗುವುದಿಲ್ಲ. ಕೈ ತಪ್ಪಿದ್ದನ್ನು ವಾಪಸ್ ತರಲಾಗದ ಕಥೆ ಇದು. ಆಡುತ್ತಿದ್ದವರ ಸ್ಥಿತಿಯೂ ಅದೇ ಆಗಿತ್ತು, ಅಲ್ವಾ?

ಇದು ಸುಮ್ನೆ ಗಿಮಿಕ್ ಅನ್ನುವವರಿಗೆ ಒಂದು ಹಿನ್ನೆಲೆ ಹೇಳಬೇಕು. 1964ಕ್ಕೂ 2000ಕ್ಕೂ ಚಿತ್ರಕಥೆ ಬರೆದವರು ಒಬ್ಬರೇ, ವಾಲ್ಟರ್ ಬರ್ನ್‌ಸ್ಟೀನ್. 1950ರ ದಶಕದಲ್ಲಿ ಕಮ್ಯುನಿಸ್ಟ್ ಅನ್ನುವ ಕಾರಣಕ್ಕೆ ಕಪ್ಪುಪಟ್ಟಿಗೆ ಸೇರಿದ್ದ ಅವರು ಬೇರೆಯವರ ಹೆಸರಿನಲ್ಲಿ ಟಿವಿಗೆ ಬರೆಯುತ್ತಿದ್ದರು. ಹಾಗೆ ಬರೆದದ್ದರಲ್ಲಿ ಒಂದು ಸಿಬಿಎಸ್‌ನ 'ಯು ಆರ್ ದೇರ್'. ಅದರ ನಿರ್ದೇಶಕರಲ್ಲಿ ಒಬ್ಬರು ಇದೇ ಲುಮೆಟ್, ನಿರೂಪಕ ವಾಲ್ಟರ್ ಕ್ರಾಂಕೈಟ್. 2000ದಲ್ಲಿ ಅದೇ ಚಾನೆಲ್‌ನಲ್ಲಿ, ಅದೇ ಕ್ರಾಂಕೈಟ್ ಬಂದು ಬರ್ನ್‌ಸ್ಟೀನ್ ಸ್ವಂತ ಹೆಸರಿನಲ್ಲಿ ಬರೆದ ನಾಟಕಕ್ಕೆ ಪೀಠಿಕೆ ಹೇಳಿದರು. ಇದಕ್ಕಿಂತ ಚೆನ್ನಾಗಿ ಬಡ್ಡಿ ಸಮೇತ ಲೆಕ್ಕ ತೀರಿದ್ದನ್ನು ನಾನಂತೂ ಕೇಳಿಲ್ಲ.

ಹಾಗಂತ ಎಲ್ಲದರಲ್ಲೂ ಹೊಸದೇ ಮೇಲು ಅಂತಲ್ಲ. ಇಷ್ಟು ಕೋಟಿ ಜನ ಸತ್ತರೆ ಪರವಾಗಿಲ್ಲ ಅಂತ ತಣ್ಣಗೆ ಲೆಕ್ಕ ಹಾಕುವ ಪ್ರೊಫೆಸರ್ ಪಾತ್ರದಲ್ಲಿ ಹಳೆಯ ವಾಲ್ಟರ್ ಮ್ಯಾಥೌ ಮುಂದೆ ಹ್ಯಾಂಕ್ ಅಜಾರಿಯಾ ಸಪ್ಪೆ. ಹಳೆಯದರಲ್ಲಿ ಅಧ್ಯಕ್ಷನಾಗಿದ್ದ ಹೆನ್ರಿ ಫೋಂಡಾ ಮುಖಕ್ಕೆ ಲುಮೆಟ್ ಕ್ಯಾಮೆರಾ ಅಂಟಿಕೊಂಡ ಹಾಗೆ ಇಲ್ಲಿ ಯಾವ ಮುಖಕ್ಕೂ ಅಂಟುವುದಿಲ್ಲ. ಪೈಲಟ್ ಜಾಗದಲ್ಲಿ ಜಾರ್ಜ್ ಕ್ಲೂನಿ ಕೂತಾಗ ಕಾಣುವುದು ಕ್ಲೂನಿಯೇ. ಇನ್ನೊಂದು ಕೊರತೆ ಯಾರ ತಪ್ಪೂ ಅಲ್ಲ. ನಾವು ನೋಡುವುದು ರೆಕಾರ್ಡಿಂಗ್. ಎಲ್ಲ ಸುಸೂತ್ರವಾಗಿ ಮುಗಿಯಿತು ಅಂತ ಗೊತ್ತಿದ್ದೇ ನೋಡುತ್ತೇವೆ.

ಶೀತಲ ಸಮರ ಮುಗಿದ ಮೇಲೆ ಇದೆಲ್ಲ ಯಾಕೆ ಬೇಕಿತ್ತು ಅಂತ ಕೇಳುವವರಿದ್ದಾರೆ. 1964ರ ಸಿನಿಮಾದ ಕೊನೆಯಲ್ಲಿ, ಇಂಥದ್ದು ನಡೆಯಲು ಸಾಧ್ಯವೇ ಇಲ್ಲ ಅನ್ನುವುದು ಅಮೆರಿಕದ ರಕ್ಷಣಾ ಇಲಾಖೆಯ ನಿಲುವು ಅಂತ ಒಂದು ಬರಹ ಬರುತ್ತದೆ. 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಉಪಗ್ರಹ ವ್ಯವಸ್ಥೆ ಅಮೆರಿಕದ ಕ್ಷಿಪಣಿಗಳು ಬರುತ್ತಿವೆ ಅಂತ ಸುಳ್ಳು ಎಚ್ಚರಿಕೆ ಕೊಟ್ಟಿತು. ಪಾಳಿಯಲ್ಲಿದ್ದ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್ ಅದನ್ನು ನಂಬಲಿಲ್ಲ, ಬಚಾವ್. 1995ರಲ್ಲಿ ಉತ್ತರ ಧ್ರುವದ ಕಡೆಯ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕಿನ ಅಧ್ಯಯನಕ್ಕೆ ನಾರ್ವೆಯಿಂದ ಹಾರಿದ ರಾಕೆಟ್ ನೋಡಿ, ಕ್ಷಿಪಣಿ ಇರಬಹುದು ಅಂತ ರಷ್ಯಾದ ಅಧ್ಯಕ್ಷ ಯೆಲ್ಟ್ಸಿನ್ ಮುಂದೆ ಅಣ್ವಸ್ತ್ರ ದಾಳಿಗೆ ಆದೇಶ ಕೊಡುವ ಬ್ರೀಫ್‌ಕೇಸ್ ತೆರೆದಿಟ್ಟಿದ್ದರು.

2000ದ ರೀಮೇಕ್ ಮುಗಿಯುವುದು ಅಣ್ವಸ್ತ್ರ ಶಕ್ತಿ ಇರುವ ದೇಶಗಳ ಪಟ್ಟಿಯೊಂದಿಗೆ. ಅದರಲ್ಲಿ ನಮ್ಮ ಹೆಸರೂ ಇದೆ, ಪಾಕಿಸ್ತಾನದ್ದೂ ಇದೆ. ಪೋಖ್ರಾನ್ ಆಗಿ ಆಗ ಇನ್ನೂ ಎರಡು ವರ್ಷ ತುಂಬಿರಲಿಲ್ಲ. 2022ರ ಮಾರ್ಚ್ 9ರಂದು ನಮ್ಮದೊಂದು ಬ್ರಹ್ಮೋಸ್ ಕ್ಷಿಪಣಿ ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಹತ್ತಿರ ಬಿತ್ತು. ಯಾರೂ ಸಾಯಲಿಲ್ಲ. ಆಗಸ್ಟ್‌ನಲ್ಲಿ ವಾಯುಪಡೆಯ ಮೂವರು ಅಧಿಕಾರಿಗಳನ್ನು ವಜಾ ಮಾಡಿದರು. ಆದರೆ ಅದು ನಮ್ಮದೇ ಕ್ಷಿಪಣಿ, ತಾಂತ್ರಿಕ ದೋಷ ಅಂತ ಭಾರತದ ಅಧಿಕೃತ ಹೇಳಿಕೆ ಬಂದಿದ್ದು ಎರಡು ದಿನ ಬಿಟ್ಟು. ನಾಟಕದ ಅಧ್ಯಕ್ಷರು ಬಾಂಬರ್‌ಗಳು ಇನ್ನೂ ಆಕಾಶದಲ್ಲಿ ಇರುವಾಗಲೇ ಮಾಸ್ಕೋಗೆ ಫೋನ್ ಮಾಡಿರುತ್ತಾರೆ.

ನೋಡುವವರಿಗೆ ಒಂದು ಸಲಹೆ. ಮೊದಲು 1964ರದ್ದು, ಆಮೇಲೆ 2000ದ್ದು. ಕ್ಯೂಬ್ರಿಕ್‌ನ 'ಡಾ. ಸ್ಟ್ರೇಂಜ್‌ಲವ್' ಮಾತ್ರ ಕೊನೆಗೆ ಇಟ್ಟುಕೊಳ್ಳಿ. ಅದೂ ಇದೇ ಇಕ್ಕಟ್ಟಿನ ಕಥೆ, ಆದರೆ ತಮಾಷೆ. 1964ರ ಜನವರಿಯಲ್ಲೇ ತೆರೆಗೆ ಬಂದು ಜನರನ್ನು ನಗಿಸಿತ್ತು. ಅಕ್ಟೋಬರ್‌ನಲ್ಲಿ ಬಂದ 'ಫೇಲ್ ಸೇಫ್' ಮುಂದೆ ಗಂಭೀರವಾಗಿ ಕೂರುವ ತಾಳ್ಮೆ ಯಾರಿಗೂ ಉಳಿದಿರಲಿಲ್ಲ, ಪಾಪ.