ಆರೋ, ಹನ್ನೆರಡೋ? ಬಿಟ್ಟಿ ನ್ಯಾಯಾಧೀಶರಿಗೆ ಪಾಠ ಹೇಳುವವರ ಪಾಡು

ಇಂಗ್ಲೆಂಡು-ವೇಲ್ಸಿನಲ್ಲಿ ಮ್ಯಾಜಿಸ್ಟ್ರೇಟರಿಗೆ ತರಬೇತಿ ಕೊಡುವ ಕೆಲಸಕ್ಕೆ ಸೇರುವವರು ಮೊದಲು ಕೊಳ್ಳಬೇಕಾದದ್ದು ಕಾನೂನು ಪುಸ್ತಕವಲ್ಲ, ಒಂದು ಒಳ್ಳೆಯ ರಬ್ಬರು. ಹೊಸಬರ ಕೈಗೆ ಕೊಡುವ ಹಾಳೆಯಲ್ಲಿ ‘ಒಂದು ಅಪರಾಧಕ್ಕೆ ನೀವು ಹೆಚ್ಚೆಂದರೆ ಎಷ್ಟು ತಿಂಗಳು ಜೈಲಿಗೆ ಕಳಿಸಬಹುದು’ ಅಂತ ಒಂದು ಸಾಲು ಇರುತ್ತದೆ. ಅದರ ಮುಂದಿನ ಅಂಕಿ 2022ರ ಮೇ 1ರವರೆಗೆ 6. ಮರುದಿನ ಬೆಳಗ್ಗೆ 12. 2023ರ ಮಾರ್ಚ್ 30ಕ್ಕೆ ಪುನಃ 6. 2024ರ ನವೆಂಬರ್ 18ಕ್ಕೆ ಪುನಃ 12. ಹಾಳೆ ತೂತು ಬೀಳದಿದ್ದರೆ ಅದು ಕಾಗದದ ಪುಣ್ಯ.

ನಮ್ಮಲ್ಲಿ ಮ್ಯಾಜಿಸ್ಟ್ರೇಟ್ ಅಂದರೆ ಎಲ್‌ಎಲ್‌ಬಿ ಓದಿ, ಪರೀಕ್ಷೆ ಬರೆದು, ಸಂಬಳಕ್ಕೆ ಕೂತ ಜೆಎಂಎಫ್‌ಸಿ ಸಾಹೇಬರು. ಅಲ್ಲಿ ಹಾಗಲ್ಲ. 18ರಿಂದ 74ರೊಳಗಿನ ಯಾರು ಬೇಕಾದರೂ ಅರ್ಜಿ ಹಾಕಬಹುದು. ಕಾನೂನು ಓದಿರಬೇಕಿಲ್ಲ, ಸಂಬಳ ಕೇಳುವಂತಿಲ್ಲ, ವರ್ಷಕ್ಕೆ ಕನಿಷ್ಠ 13 ದಿನ ಪೀಠದ ಮೇಲೆ ಕೂರಬೇಕು. ಹೋಗಿಬರುವ ಖರ್ಚು ಸಿಗುತ್ತದೆ. ದೇಶದ ಕ್ರಿಮಿನಲ್ ಕೇಸುಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಈ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲೇ ಹುಟ್ಟಿ ಅಲ್ಲೇ ಮುಗಿಯುತ್ತವೆ. ಅಂದರೆ ನ್ಯಾಯದ ತೇರನ್ನು ಎಳೆಯುತ್ತಿರುವವರು ಹರಕೆ ಹೊತ್ತ ಭಕ್ತರು. ಹಗ್ಗದ ಉದ್ದ ಮಾತ್ರ ಲಂಡನ್ನಿನ ಮಂತ್ರಿಗಳದು.

ಅಂಕಿ ಏರಿಳಿದದ್ದಕ್ಕೆ ಕಾರಣ ಕೇಳಿದರೆ ತರಬೇತುದಾರರು ಮುಖ ಗಂಭೀರವಾಗಿಟ್ಟುಕೊಂಡು ಉತ್ತರಿಸಬೇಕು. 2022ರಲ್ಲಿ ಏರಿಸಿದ್ದು ಮೇಲಿನ ಕ್ರೌನ್ ಕೋರ್ಟಿನ ಬಾಕಿ ಕೇಸು ಇಳಿಸಲಿಕ್ಕೆ. 2023ರಲ್ಲಿ ಇಳಿಸಿದ್ದು ಜೈಲುಗಳ ಮೇಲಿನ ಒತ್ತಡ ಕಡಿಮೆ ಮಾಡಲಿಕ್ಕೆ. 2024ರಲ್ಲಿ ಏರಿಸಿದ್ದು ಬಾಕಿ ಕೇಸನ್ನೂ, ಆ ಬಾಕಿಯಿಂದಾಗಿ ವಿಚಾರಣೆಗೆ ಕಾಯುತ್ತ ಜೈಲಿನಲ್ಲಿ ಕೂತವರನ್ನೂ ಕಡಿಮೆ ಮಾಡಲಿಕ್ಕೆ. ಒಂದೇ ಕಷಾಯ, ಮಲಬದ್ಧತೆಗೂ ಆಯಿತು, ಭೇದಿಗೂ ಆಯಿತು. 2022ರ ಏಪ್ರಿಲ್‌ನಲ್ಲಿ ಪ್ರಮಾಣವಚನ ತೆಗೆದುಕೊಂಡ ಹೊಸಬರನ್ನು ನೆನೆಯಿರಿ: ಮೊದಲ ಮೌಲ್ಯಮಾಪನಕ್ಕೆ ಹೆಸರು ಬರುವ ಮುಂಚೆಯೇ ಅವರ ಅಧಿಕಾರ ಇಮ್ಮಡಿಯಾಗಿ, ಅರ್ಧವಾಗಿ, ಹೊರಟಲ್ಲಿಗೇ ಬಂದು ನಿಂತಿತ್ತು.

ಇಷ್ಟನ್ನೇ ಹೇಳಿ ಮುಗಿಸುವಂತಿಲ್ಲ. 12 ಅನ್ನುವುದು ಎರಡೂ ಕೋರ್ಟಿನಲ್ಲಿ ನಡೆಸಬಹುದಾದ ಅಪರಾಧಗಳಿಗೆ, ಉದಾಹರಣೆಗೆ ಕಳ್ಳತನಕ್ಕೆ. ಕೆಳಗಿನ ಕೋರ್ಟಿಗೇ ಮೀಸಲಾದ ಸಣ್ಣ ಅಪರಾಧಗಳಿಗೆ ಹಳೆಯ 6 ಹಾಗೇ ಉಳಿದಿದೆ. ಎರಡು ಕಳ್ಳತನಕ್ಕೆ ಒಂದರ ಹಿಂದೊಂದು ಶಿಕ್ಷೆ ಕೊಟ್ಟರೂ ಒಟ್ಟು ಮಿತಿ 12. ಹಾಗಾದರೆ ಎರಡನೆಯ ಕಳ್ಳತನ ಫ್ರೀಯಾ ಅಂತ ಹಿಂದಿನ ಸಾಲಿನಿಂದ ಯಾರಾದರೂ ಕೇಳಿಯೇ ಕೇಳುತ್ತಾರೆ. ಚಹಾ ವಿರಾಮ ಘೋಷಿಸಲು ಅದು ಸರಿಯಾದ ಹೊತ್ತು. ವಿರಾಮ ಮುಗಿಸಿ ಬಂದ ಮೇಲೆ ಇನ್ನೊಂದು ಗಂಟು ಬಿಚ್ಚಿ: ನೋಡಬೇಕಾದದ್ದು ಕಳ್ಳತನ ನಡೆದ ದಿನವನ್ನಲ್ಲ, ಅಪರಾಧಿ ಅಂತ ತೀರ್ಮಾನವಾದ ದಿನವನ್ನು. 2023ರ ಮಾರ್ಚ್ 29ಕ್ಕೆ ತಪ್ಪೊಪ್ಪಿದವನಿಗೆ ಒಂದು ಮಿತಿ, 30ಕ್ಕೆ ಒಪ್ಪಿದವನಿಗೆ ಅದರ ಅರ್ಧ. ಪಂಚಾಂಗ ನೋಡಿ ಮುಹೂರ್ತ ಇಡುವ ನಮ್ಮವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಪೀಠದ ಮೇಲೆ ಸಾಮಾನ್ಯವಾಗಿ ಮೂವರು. ನಡುವಿನವರು ಮಾತ್ರ ಮಾತಾಡುತ್ತಾರೆ. ಅಕ್ಕಪಕ್ಕದವರಿಗೆ ‘ವಿಂಗರ್’ ಅಂತ ಹೆಸರು, ಹಾರುವ ಅನುಮತಿ ಇಲ್ಲ. ಮತ ಮೂವರದೂ ಸಮ, ಆದರೆ ಇಬ್ಬರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ ಅನ್ನುವ ಸಂಗತಿ ಹೊರಗೆ ಬೀಳುವುದಿಲ್ಲ. ಒಬ್ಬರು ಕೈಕೊಟ್ಟು ಇಬ್ಬರೇ ಉಳಿದು, ಆ ಇಬ್ಬರಿಗೂ ಹೊಂದದಿದ್ದರೆ ಇಡೀ ವಿಚಾರಣೆ ಬೇರೆ ಪೀಠದ ಮುಂದೆ ಮೊದಲಿನಿಂದ. ಪೀಠದ ಕೆಳಗೆ ಕೂರುವ ಲೀಗಲ್ ಅಡ್ವೈಸರ್ ಕಾನೂನು ಓದಿದವರು, ಸಂಬಳದವರು. ಎಷ್ಟೋ ಸಲ ತರಬೇತಿ ಕೊಡುವವರೂ ಇವರೇ. ಶನಿವಾರ ಶಿಷ್ಯರ ಲೆಕ್ಕ ತಿದ್ದಿದ ಗುರುಗಳು ಸೋಮವಾರ ಅದೇ ಶಿಷ್ಯರ ಮುಂದೆ ಎದ್ದು ತಲೆಬಾಗಿ, ಕಾನೂನು ಹೇಳಿ, ತೀರ್ಮಾನದ ವಿಷಯಕ್ಕೆ ಬಾಯಿ ಮುಚ್ಚಿಕೊಂಡಿರಬೇಕು.

ಇನ್ನು ಲೆಕ್ಕ. ಹೊಸಬರಿಗೆ ಮೊದಲು ಕೊಡಬೇಕಾದದ್ದು ಸ್ಪೀಡಿಂಗ್ ಕೇಸು. 30 ಮೈಲಿ ಮಿತಿಯ ರಸ್ತೆ, ಗಾಡಿ ಓಡಿದ್ದು 46ರಲ್ಲಿ, ಆಸಾಮಿಯ ವಾರದ ಆದಾಯ 400 ಪೌಂಡು, ಮೊದಲ ಅವಕಾಶದಲ್ಲೇ ತಪ್ಪೊಪ್ಪಿಗೆ. 41ರಿಂದ 50ರೊಳಗೆ ಅಂದರೆ ದಂಡದ ದರಪಟ್ಟಿಯ ಬ್ಯಾಂಡ್ ಬಿ, ವಾರದ ಆದಾಯದ ನೂರಕ್ಕೆ ನೂರು: 400. ತಪ್ಪೊಪ್ಪಿದ್ದಕ್ಕೆ ಮೂರನೇ ಒಂದು ಪಾಲು ಬಿಟ್ಟರೆ 266. ಅದರ ಮೇಲೆ ನೂರಕ್ಕೆ 40ರಂತೆ, ಸಂತ್ರಸ್ತರ ನೆರವಿಗೆಂದು ವಸೂಲಿ ಮಾಡುವ ಸರ್ಚಾರ್ಜ್ 106. ಲೈಸೆನ್ಸಿನ ಮೇಲೆ 4ರಿಂದ 6 ಪೆನಾಲ್ಟಿ ಪಾಯಿಂಟು. ಪ್ರಾಸಿಕ್ಯೂಷನ್ ಖರ್ಚು ಬೇರೆ.

ಎಲ್ಲಿ ಎಡವುತ್ತಾರೆ ಅನ್ನುವುದೂ ಗೊತ್ತಿರುವ ಸಂಗತಿಯೇ. ದಂಡದ ಜೊತೆಗೆ ಪಾಯಿಂಟಿಗೂ ಮೂರನೇ ಒಂದು ಪಾಲು ಕಡಿತ ಕೊಡುತ್ತಾರೆ. ಪಾಯಿಂಟಿಗೆ ರಿಯಾಯಿತಿ ಇಲ್ಲ. ಸರ್ಚಾರ್ಜನ್ನು ಕಡಿತಕ್ಕೆ ಮೊದಲಿನ 400ರ ಮೇಲೆ ಹಾಕಿ 160 ಮಾಡುತ್ತಾರೆ. ಎಲ್ಲಕ್ಕಿಂತ ದೊಡ್ಡ ಎಡವಟ್ಟು, ತಿಂಗಳ ಸಂಬಳವನ್ನು ವಾರದ್ದೆಂದು ಹಿಡಿಯುವುದು: 1,733 ಪೌಂಡು ದಂಡ ಅಂತ ಓದಿಬಿಡುತ್ತಾರೆ, ಮೋಟರ್‌ವೇ ಅಲ್ಲದ ರಸ್ತೆಗೆ ಕಾನೂನಿನ ಮಿತಿಯೇ 1,000. ಇಷ್ಟೆಲ್ಲ ಸರಿಪಡಿಸಿದ ಮೇಲೆ 266ರ ಬಾಲದ 66 ಪೆನ್ನಿಯನ್ನು ಬಿಡಬೇಕೋ ಒಂದು ಪೌಂಡಿಗೆ ಏರಿಸಬೇಕೋ ಅಂತ ಹತ್ತು ನಿಮಿಷ ಚರ್ಚೆ. ಜೈಲಿನ ಮಿತಿ ಆರೋ ಹನ್ನೆರಡೋ ಅನ್ನುವುದಕ್ಕೆ ಇವರನ್ನು ಯಾರೂ ಒಂದು ನಿಮಿಷವೂ ಕೇಳಿರಲಿಲ್ಲ. ಹಾಗಾಗಿ ಈ ಹತ್ತು ನಿಮಿಷವನ್ನು ಕಿತ್ತುಕೊಳ್ಳಬೇಡಿ.

ಊರಿನವರ ನ್ಯಾಯ ಊರಿನವರಿಂದಲೇ ಅನ್ನುವ ಭಾಗವನ್ನು ಬೇಗ ದಾಟಿಸಿ. 2010ರಲ್ಲಿ 323 ಮ್ಯಾಜಿಸ್ಟ್ರೇಟ್ ಕೋರ್ಟುಗಳಿದ್ದವು, 2019ರೊಳಗೆ 162ಕ್ಕೆ ಬೀಗ ಬಿತ್ತು. ಊರು ಯಾವುದು ಅಂತ ಯಾರಾದರೂ ಕೇಳಿದರೆ ಬಸ್ಸಿನ ವೇಳಾಪಟ್ಟಿ ತೋರಿಸಿ.

ನಿಧಾನವಾಗಿ ಹೇಳಬೇಕಾದದ್ದು ರೈಲಿನ ಪ್ರಸಂಗ. 2015ರಲ್ಲಿ ಸಿಂಗಲ್ ಜಸ್ಟಿಸ್ ಪ್ರೊಸೀಜರ್ ಅನ್ನುವ ವ್ಯವಸ್ಥೆ ಬಂತು. ಮೂವರಿಲ್ಲ, ಒಬ್ಬರೇ ಮ್ಯಾಜಿಸ್ಟ್ರೇಟ್. ಪ್ರಾಸಿಕ್ಯೂಟರ್ ಇಲ್ಲ, ಆರೋಪಿ ಇಲ್ಲ, ಸಾರ್ವಜನಿಕರಿಲ್ಲ. ಜೊತೆಗೊಬ್ಬರು ಲೀಗಲ್ ಅಡ್ವೈಸರ್, ಎದುರಿಗೆ ಕಾಗದ. ಲೈಸೆನ್ಸಿಲ್ಲದೆ ಟಿವಿ ನೋಡಿದ್ದು, ಸ್ಪೀಡಿಂಗು, ರೈಲು ಟಿಕೆಟ್ಟು, ಒಂದರ ಹಿಂದೊಂದು ಮುಗಿಸುತ್ತ ಹೋಗುವುದು. ರೈಲು ಕಂಪನಿಗಳು 1889ರ ರೈಲ್ವೆ ಕಾಯ್ದೆಯಡಿ ಹಾಕಿದ ಟಿಕೆಟ್ ಕೇಸುಗಳನ್ನೂ ಈ ದಾರಿಗೇ ನೂಕಿದವು. ಆ ಕಾಯ್ದೆಯ ಕೇಸಿಗೆ ಈ ದಾರಿಯೇ ಇರಲಿಲ್ಲ. 2024ರ ಆಗಸ್ಟ್‌ನಲ್ಲಿ ಚೀಫ್ ಮ್ಯಾಜಿಸ್ಟ್ರೇಟ್ ಆರು ಮಾದರಿ ಕೇಸುಗಳನ್ನು ಅನೂರ್ಜಿತ ಅಂದಾಗ, ಅದೇ ಹಾದಿಯಲ್ಲಿ ಬಿದ್ದುಹೋಗುವ ಶಿಕ್ಷೆಗಳ ಅಂದಾಜು ಲೆಕ್ಕ 74,000 ದಾಟಿತ್ತು.

ತರಬೇತಿಯಲ್ಲಿ ಮ್ಯಾಜಿಸ್ಟ್ರೇಟರಿಗೆ ಹೆಜ್ಜೆ ಹೆಜ್ಜೆಯಾಗಿ ಯೋಚಿಸಲು ಹೇಳಿಕೊಡುತ್ತಾರೆ: ಹಾನಿ ಎಷ್ಟು, ತಪ್ಪಿನ ಹೊಣೆ ಎಷ್ಟು, ಕಡಿತ ಎಷ್ಟು, ಕೊನೆಗೆ ಕಾರಣ ಓದಿ ಹೇಳಿ. ಈ 74,000ದ ದಂಡ ಪೆನ್ನಿ ಲೆಕ್ಕದಲ್ಲಿ ಬಹುಶಃ ಸರಿಯಾಗೇ ಇತ್ತು. ಕೇಸು ಈ ಕೋಣೆಗೆ ಬರಬಹುದಿತ್ತೇ ಅನ್ನುವ ಹೆಜ್ಜೆಯೊಂದು ಹಾಳೆಯಲ್ಲಿ ಎಲ್ಲಕ್ಕಿಂತ ಮೇಲೆ ಇರಬೇಕಿತ್ತು.

2025ರ ಡಿಸೆಂಬರ್‌ನಲ್ಲಿ ಸರ್ಕಾರ ಮಿತಿಯನ್ನು 18 ತಿಂಗಳಿಗೆ ಏರಿಸುವ ಯೋಜನೆ ಹೇಳಿತು, ಬೇಕಾದರೆ ಎರಡು ವರ್ಷಕ್ಕೂ. ಹಾಗಾಗಿ ಹಾಳೆಯಲ್ಲಿ ಆ ಅಂಕಿಯನ್ನು ಪೆನ್ಸಿಲ್ಲಿನಲ್ಲೇ ಬರೆಯಿರಿ, ಒತ್ತಿ ಬರೆಯಬೇಡಿ. ಶಾಯಿಯಲ್ಲಿ ಬರೆಯಬಹುದಾದ ಸಾಲು ಒಂದಿದೆ. ಗಲಾಟೆ ಮಾಡುವವನಿಂದ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಳ್ಳುವ ಅಧಿಕಾರ, ಮೂರನೇ ಎಡ್ವರ್ಡ್ ದೊರೆಯ ಕಾಲದ್ದು, 1361ರ ಕಾಯ್ದೆ. ಇವತ್ತಿಗೂ ಚಾಲ್ತಿಯಲ್ಲಿದೆ. 2022ರ ಏರಿಕೆ ಹನ್ನೊಂದು ತಿಂಗಳು ಬದುಕಿತ್ತು.