ಟೇಬಲ್ ಬದಲಿಸ್ತೀರಿ, ವ್ಯೂ ಯಾರು ನೋಡಬೇಕ್ರೀ?

ಮತ್ತ ಅದೇ ಹಣೇಬರಾ! ಬಾಗಲಕೋಟಿ ಕಡೆ ಕಬ್ಬು ನುರಿಸೋ ಹಂಗಾಮಿನಾಗ, ಎಸ್‌ಕ್ಯೂಎಲ್ ಸರ್ವರ್ ಅನ್ನೋ ಡೇಟಾಬೇಸಿನ ತೂಕದ ಟೇಬಲ್‌ನಿಂದ 'ಖಾಲಿ ಗಾಡಿ' ಕಾಲಂ ಕಿತ್ತು, ಕೊನೀಗೆ 'ಕಡಿತ' ಸೇರಿಸ್ಯಾರ. ಆ ಟೇಬಲ್ ತೋರಿಸೋ ವ್ಯೂ (ಉಳಿಸಿಟ್ಟ ಕ್ವೆರಿ) ಮಾತ್ರ ಸೆಲೆಕ್ಟ್ ಸ್ಟಾರ್, ಅಂದ್ರ ಹೆಸರು ಹೇಳದ 'ಎಲ್ಲಾ ಕಾಲಂ ಕೊಡು' ಅನ್ನೋದು! ಅದು ಹುಟ್ಟಿದ ದಿನದ ಕಾಲಂ ಹೆಸರನ್ನ ಇನ್ನೂ ಹಿಡಕೊಂಡು ಕುಂತೈತಿ. ಒಳಗಿನ ಅಂಕಿ ಮಾತ್ರ ಒಂದೊಂದು ಕಾಲಂ ಸರದಾವ: ಈಗ 'ಖಾಲಿ ಗಾಡಿ' ಕೆಳಗ ನಿವ್ವಳ 22 ಟನ್, 'ನಿವ್ವಳ' ಕೆಳಗ ಕಡಿತದ 0.4 ಟನ್. ಒಂದರೆ ಎರರ್ ಬಂತೇನ್ರೀ? ಇಲ್ಲ! ರೈತನ ಬಿಲ್ಲಿಗೆ ಯಾರು ಜವಾಬ್ದಾರಿ?

ವ್ಯೂದ ಕಾಲಂ ಪಟ್ಟಿ ಹೊಸದು ಮಾಡಾಕ ಎಸ್‌ಪಿ_ರಿಫ್ರೆಶ್‌ವ್ಯೂ ಅಂತ ಒಂದೇ ಸಾಲಿನ ಆಜ್ಞೆ, ಅದನ್ನೂ ಓಡಿಸಂಗಿಲ್ಲ. ಓಡಿಸಿದವರೂ ಮ್ಯಾಲಿನ ವ್ಯೂಗಷ್ಟೇ ಓಡಿಸ್ತಾರ. ಅದರ ತಳದಾಗಿನ ವ್ಯೂ ಹಳೇದ ಉಳಿದ್ರ ಏನ್ ಬಂತು? ಆಮ್ಯಾಲೆ ರಿಪೋರ್ಟಿನ ಫೀಲ್ಡ್ ಪಟ್ಟಿ, ಅದೂ ಹಳೇದ! ಕಾಲಂ ಹೆಸರು ಒಂದೊಂದಾಗಿ ಬರಿಯಾಕ ಕೈಗೆ ಅಷ್ಟು ಭಾರ ಏನ್ರೀ?