9 ನಿಮಿಷದ ದಾರಿ, ಕಾಲುವೆಗೆ ಬಿದ್ದ ಚಕ್ರ

ವೆನಿಸ್‌ಗೆ ಎರಡು ದಿನ ಹೋಗ್ತೀನಿ ಅಂದಾಗ ಏನೇನು ನೋಡಬೇಕು ಅಂತ ಹತ್ತು ಜನ ಹೇಳಿದರು. ಸೂಟ್‌ಕೇಸ್ ವಿಷಯ ಮಾತ್ರ ಒಬ್ಬರೂ ಬಾಯಿಬಿಡಲಿಲ್ಲ.

ಸಾಂತಾ ಲೂಚಿಯಾ ಸ್ಟೇಷನ್ನಿನಿಂದ ಹೊರಗೆ ಬಂದರೆ ಎದುರಿಗೇ ದೊಡ್ಡ ಕಾಲುವೆ. ಆಹಾ ಅಂದೆ. ಆ ಆಹಾ ಸ್ಕಾಲ್ಜಿ ಸೇತುವೆಯ ಮೆಟ್ಟಿಲ ತನಕ ಮಾತ್ರ. ಮೊಬೈಲಿನ ಮ್ಯಾಪು ಹೋಟೆಲಿಗೆ 9 ನಿಮಿಷ ಅಂದಿತ್ತು. ಈ ಊರಲ್ಲಿ 400ಕ್ಕೂ ಜಾಸ್ತಿ ಸೇತುವೆ, ಹೆಚ್ಚಿನವಕ್ಕೆ ಮೆಟ್ಟಿಲು, ಕಾರು ಓಡಾಡೋ ಹಾಗೇ ಇಲ್ಲ. ಆ ಮ್ಯಾಪಿಗೆ ಇಷ್ಟೂ ಗೊತ್ತಿರಬೇಡ್ವಾ?

ಮೂರನೇ ಸೇತುವೆ ಮೇಲೆ ಒಂದು ಚಕ್ರ ಕಿತ್ತುಬಂತು. ಟಕ್ ಟಕ್ ಅಂತ ಒಂದೊಂದೇ ಮೆಟ್ಟಿಲಿಳಿದು, ಅಂಚಲ್ಲಿ ಸ್ವಲ್ಪ ಯೋಚನೆ ಮಾಡಿ, ಬುಳುಕ್. ಪೆಟ್ಟಿಗೆಯಲ್ಲಿ ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ, ಅವಲಕ್ಕಿ ಸೇರಿ 23 ಕೆಜಿ. (ತಿಂದಿದ್ದು ಬರೀ ಪಿಜ್ಜಾ, ಅದು ಬೇರೆ ಮಾತು.)

ಹಾಳಾಗಲಿ, ದೋಣಿ ಬಸ್ಸು ಹತ್ತೋಣ ಅಂದರೆ ಒಂದು ಟಿಕೆಟ್ಟಿಗೆ 9.50 ಯೂರೋ, ಅದೂ 75 ನಿಮಿಷಕ್ಕೆ! ಮೂರು ಸಲ ಹತ್ತೋದಾದರೆ 25 ಯೂರೋದ ದಿನದ ಪಾಸೇ ವಾಸಿ. ನನಗದು ಗೊತ್ತಾಗಿದ್ದು ಮೂರನೇ ಟಿಕೆಟ್ ತಗೊಂಡ ಮೇಲೆ.

ಹೋಗೋರು ದಯವಿಟ್ಟು ಒಂದು ಬೆನ್ನುಚೀಲ ಸಾಕು ಅಂದ್ಕೊಳ್ಳಿ. ದೊಡ್ಡ ಪೆಟ್ಟಿಗೆ ಇದ್ದರೆ ಸ್ಟೇಷನ್ನಲ್ಲೇ ದುಡ್ಡು ಕೊಟ್ಟು ಇಟ್ಟುಬಿಡಿ. ಇಲ್ಲಾಂದ್ರೆ ನೀರಿನಾಚೆ ದಡದಲ್ಲಿರೋ ಮೆಸ್ತ್ರೆಯಲ್ಲಿ ಉಳ್ಕೊಳ್ಳಿ, ಅಲ್ಲಿಂದ ರೈಲಲ್ಲಿ ಸುಮಾರು ಹತ್ತು ನಿಮಿಷ.

ನಾನಂತೂ ಎರಡನೇ ದಿನ ಅದೇ ಮೂರು ಚಕ್ರದ ಪೆಟ್ಟಿಗೆಯನ್ನ ಅದೇ ಸೇತುವೆಗಳ ಮೇಲೆ ವಾಪಸ್ ಹೊತ್ತೆ.